ಬಟ್ಟೆ ವಿಭಾಗದಲ್ಲಿ ಕೂರುವಂತಿಲ್ಲ

ರೈವಂಗಾ, ಸುವಾ
6 ಮಾರ್ಚ್ 1994, ಭಾನುವಾರ

ಪ್ರೀತಿಯ ಅತ್ತೆ,

ನೀವು ಹಡಗಿನಲ್ಲಿ ಕಳಿಸಿದ ಕೆಸುವಿನ ಗೆಡ್ಡೆಯ ಬುಟ್ಟಿ ಗುರುವಾರ ಸಂಜೆ ಕೈ ಸೇರಿತು. ಒಂದು ಗೆಡ್ಡೆಯೂ ಕೊಳೆತಿರಲಿಲ್ಲ. ಅರ್ಧವನ್ನು ಪ್ರೇಮಿಲಾಗೆ ಕೊಟ್ಟೆ. ನಾನು ಈ ಊರಿಗೆ ಬಂದ ಮೊದಲ ತಿಂಗಳು ದಿನಾ ಮಧ್ಯಾಹ್ನ ತನ್ನ ರೊಟ್ಟಿಯಲ್ಲಿ ಎರಡನ್ನು ನನ್ನ ಮುಂದೆ ಇಡುತ್ತಿದ್ದವಳು ಅವಳೇ.

ಕೆಲಸ ಹೇಗಿದೆ ಎಂದು ಕೇಳಿದ್ದೀರಿ. ಬೆಳಿಗ್ಗೆ ಎಂಟಕ್ಕೆ ಹಾಜರಿ, ಸಂಜೆ ಐದೂವರೆಗೆ ಬಿಡುಗಡೆ. ನಾನು ಬಟ್ಟೆ ವಿಭಾಗ, ಪ್ರೇಮಿಲಾ ಪಕ್ಕದ ಗುಂಡಿ-ಲೇಸಿನ ಕೌಂಟರ್. ಮಧ್ಯಾಹ್ನದ ಅರ್ಧ ಗಂಟೆ ಬಿಟ್ಟರೆ ಉಳಿದ ಹೊತ್ತೆಲ್ಲ ನಿಂತಿರಬೇಕು. ‘ಕೆಲಸದ ವೇಳೆ ಸಿಬ್ಬಂದಿ ಕೂರುವಂತಿಲ್ಲ’ ಎಂದು ಗೋಡೆಯ ಮೇಲೆ ಬೋರ್ಡು ಇದೆ. ಅಂಗಡಿಯಲ್ಲಿ ಒಂದೇ ಕುರ್ಚಿ, ಅದು ಗಿರಾಕಿಗಳಿಗೆ. ಮೆಟ್ಟಿಲಿನ ಮೇಲೆ ಗಾಜಿನ ಕೋಣೆ, ಅದರೊಳಗೆ ಮ್ಯಾನೇಜರ್ ಡನ್‌ಸ್ಟನ್ ಸಾಹೇಬರು. ಅವರಿಗೆ ಅಲ್ಲಿಂದ ಎಲ್ಲರೂ ಕಾಣುತ್ತಾರೆ.

ನಿಂತೂ ನಿಂತೂ ಮೊದಮೊದಲು ಕಾಲು ಬಾತುಕೊಳ್ಳುತ್ತಿತ್ತು. ಪ್ರೇಮಿಲಾ ಹೇಳಿಕೊಟ್ಟಳು: “ಏ ಟಿಟಿ, ತೆಂಗಿನಮರದ ಹಾಗೆ ನೆಟ್ಟಗೆ ನಿಲ್ಬೇಡ. ಒಂದು ಕಾಲಿಗೆ ಸಂಬಳ ಕೊಡು, ಇನ್ನೊಂದಕ್ಕೆ ರಜೆ ಕೊಡು. ಹತ್ತು ನಿಮಿಷಕ್ಕೆ ಬದಲಾಯಿಸು.” ಈಗ ನನಗೆ ಅಭ್ಯಾಸವಾಗಿದೆ. ಪಾಪ, ಅವಳಿಗೇ ಕಷ್ಟ. ನಾಲ್ಕು ತಿಂಗಳ ಬಸುರಿ.

ಇಲ್ಲಿ ಕೆಲಸದ ಕಾಗದವನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಬರೆಯುತ್ತಾರೆ. ವರ್ಷ ತುಂಬಿದವರನ್ನು ಕಾಯಂ ಮಾಡಬೇಕು. ಅದಕ್ಕೇ ಹೆಚ್ಚಿನವರನ್ನು ಹನ್ನೊಂದನೇ ತಿಂಗಳಲ್ಲಿ ಬಿಡಿಸಿ, ಎರಡು ವಾರ ಮನೆಗೆ ಕಳಿಸಿ, ಮತ್ತೆ ಹೊಸಬರಂತೆ ಸೇರಿಸಿಕೊಳ್ಳುತ್ತಾರೆ. ಮೂರು ವರ್ಷದಲ್ಲಿ ಪ್ರೇಮಿಲಾಗೆ ಮೂರು ಸಲ ಹಾಗಾಗಿದೆ. ನನಗೆ ಮಾತ್ರ, ಬಟ್ಟೆ ಅಳೆಯುವ ಕೈ ಚೆನ್ನಾಗಿದೆ ಎಂದು, ಏಪ್ರಿಲ್ ಕೊನೆಗೆ ಕಾಯಂ ಮಾಡುವ ಮಾತಾಡಿದ್ದಾರೆ. ಕಾಯಂ ಆದರೆ ಜ್ವರ ಬಂದ ದಿನ ರಜೆ ಸಿಗುತ್ತದೆ, ಕಾರಣ ಹೇಳದೆ ತೆಗೆಯುವಂತಿಲ್ಲ. ಇನ್ನು ಏಳು ವಾರ. ನನಗಾಗಿ ಪ್ರಾರ್ಥಿಸಿ.

ನಿಮ್ಮ
ಟಿಟಿಲಿಯಾ


ವುನೀವಿ, ಕಂದಾವು ದ್ವೀಪ
16 ಮಾರ್ಚ್ 1994

ಮಗಳೇ ಟಿಟಿಲಿಯಾ,

ನಿನ್ನ ಕಾಗದವನ್ನು ನಿನ್ನ ಚಿಕ್ಕಪ್ಪ ಸೆಮಿಸಿಗೆ ಓದಿ ಹೇಳಿದೆ. “ಒಂಬತ್ತು ಗಂಟೆ ನಿಲ್ತಾಳಾ? ಚರ್ಚಿನಲ್ಲಿ ಒಂದು ಹಾಡು ಮುಗಿಯೋವರೆಗೆ ನಿಲ್ತಿರ್ಲಿಲ್ಲವಲ್ಲ!” ಎಂದು ನಕ್ಕ. ಆಮೇಲೆ ತಾನೇ ಹೋಗಿ ನೋನಿ ಎಲೆ ಕೊಯ್ದು ತಂದ. ಬಿಸಿ ಮಾಡಿ ಮೊಣಕಾಲಿಗೆ ಕಟ್ಟಿಕೋ. ಈ ಹಡಗಿನಲ್ಲೇ ಕಳಿಸಿದ್ದೇನೆ.

ನಿನ್ನ ಪ್ರೇಮಿಲಾಗೆ ನನ್ನ ಕೃತಜ್ಞತೆ ತಿಳಿಸು. ತಾಯಿ ಇಲ್ಲದ ನಿನ್ನನ್ನು ಪಟ್ಟಣಕ್ಕೆ ಕಳಿಸುವಾಗ ನನಗಿದ್ದ ಹೆದರಿಕೆ ನಿನಗೆ ಗೊತ್ತಿಲ್ಲ. ಅವಳ ರೊಟ್ಟಿಯ ಋಣ ತೀರಿಸುವಂಥದ್ದಲ್ಲ. ಕೇದಗೆ ಗರಿ ಒಣಗಿಸಲು ಹಾಕಿದ್ದೇನೆ. ಮಗು ಮಲಗಿಸಲು ಒಂದು ಪುಟ್ಟ ಚಾಪೆ ಹೆಣೆಯುತ್ತೇನೆ. ಅಂಚಿಗೆ ಯಾವ ಬಣ್ಣದ ಉಣ್ಣೆ ಇಷ್ಟ ಎಂದು ಕೇಳಿ ಬರೆ.

ಇನ್ನೊಂದು ಸುದ್ದಿ. ನಮ್ಮ ಸೀಮೆಯ ಮುಖಂಡರಾದ ರಾತು ಇಸಿಕೇಲಿ ಅವರು ಕಣ್ಣು ತೋರಿಸಲು ಸುವಾಕ್ಕೆ ಹೊರಟಿದ್ದಾರೆ. ಮಗಳ ಮದುವೆಗೆ ಬಟ್ಟೆಯನ್ನೂ ಕೊಳ್ಳಬೇಕಂತೆ. ನೀನು ಇರುವ ಅಂಗಡಿಯ ಹೆಸರು ಹೇಳಿದ್ದೇನೆ. ಬಂದರೆ ಕಂದಾವುವಿನ ಹುಡುಗಿ ಹೇಗಿರಬೇಕೋ ಹಾಗಿರು. ಪಟ್ಟಣಕ್ಕೆ ಹೋದವರು ಕೂತ ಹಿರಿಯರ ತಲೆಯ ಮೇಲಿಂದ ಕೈ ಚಾಚುವುದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮ ಮನೆಯಿಂದ ಅಂಥದ್ದು ಆಗಬಾರದು.

ನಿನ್ನ ಅತ್ತೆ
ಲೈಸಾನಿ


ಸುವಾ
27 ಮಾರ್ಚ್ 1994, ಭಾನುವಾರ

ಪ್ರೀತಿಯ ಅತ್ತೆ,

ಎಲೆ ತಲುಪಿತು. ಕಟ್ಟಿಕೊಂಡೆ, ನೋವು ಇಳಿದಿದೆ. ಚಿಕ್ಕಪ್ಪನಿಗೆ ಹೇಳಿ.

ಬುಧವಾರ ರಾತು ಅವರು ಅಂಗಡಿಗೆ ಬಂದಿದ್ದರು. ಅವರ ಎದುರು ನನ್ನಿಂದ ಒಂದು ತಪ್ಪಾಯಿತು ಎಂದು ಎಚ್ಚರಿಕೆಯ ಕಾಗದ ಬಂದಿದೆ. ಕಾಯಂ ಮಾಡುವ ವಿಷಯ ಸದ್ಯಕ್ಕೆ ನಿಂತಿದೆ. ಹೆಚ್ಚೇನಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕೆಲಸಕ್ಕೆ ಹೋಗುತ್ತಿದ್ದೇನೆ.

ಈಸ್ಟರ್‌ಗೆ ಬರಲಾಗುವುದಿಲ್ಲ. ಚರ್ಚಿನಲ್ಲಿ ನನ್ನ ಪಾಲಿನ ಹಾಡನ್ನು ಬೇರೆ ಯಾರಾದರೂ ಹಾಡಲಿ.

ಟಿಟಿಲಿಯಾ


ವುನೀವಿ
9 ಏಪ್ರಿಲ್ 1994

ಮಗಳೇ,

ನಿನ್ನ ಕಾಗದ ಓದಿದೆ. ನಿನ್ನ ತಂದೆ ಬದುಕಿದ್ದಿದ್ದರೆ ಏನು ಮಾಡುತ್ತಿದ್ದನೋ ಅದನ್ನೇ ನಾನು ಮಾಡಿದೆ. ಈಸ್ಟರ್ ಮುಗಿದ ಮರುದಿನ, ಮನೆ ಹಿಂದೆ ಹಿರಿಯರಿಗೆ ಬೇರು ಕಾಣಿಕೆ ಕೊಡಲೆಂದೇ ಬೆಳೆಸಿದ ಯಂಗೋನ ಗಿಡಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಸೆಮಿಸಿ ಅಗೆದು ಕೊಟ್ಟ. ಬೇರು ತೊಳೆದು ಕಟ್ಟಿ, ತಪ್ಪುಕಾಣಿಕೆಯಾಗಿ ಸೋರೊ ಒಪ್ಪಿಸಿ ಕ್ಷಮೆ ಕೇಳಲು ನಾವಿಬ್ಬರೂ ಗುಡ್ಡ ದಾಟಿ ರಾತು ಅವರ ಊರಿಗೆ ಹೋದೆವು.

ರಾತು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಚಾಪೆಯ ಮೇಲಿದ್ದರು. ನಾವು ಬಾಗಿಲ ಬಳಿ ಕೂತು, ಪದ್ಧತಿಯಂತೆ ಕೈ ತಟ್ಟಿ, ಬೇರಿನ ಕಟ್ಟನ್ನು ಮುಂದಿಟ್ಟೆವು. ಸೆಮಿಸಿ ನನ್ನ ಮುಖ ನೋಡಿದ. ನಾನೇ ಹೇಳಿದೆ: “ರಾತು, ನಮ್ಮ ಹುಡುಗಿ ಸುವಾದಲ್ಲಿ ನಿಮ್ಮೆದುರು ತಪ್ಪು ನಡ್ಕೊಂಡಿದ್ದಾಳೆ. ತಬ್ಬಲಿ ಹುಡುಗಿ, ಬೆಳೆಸಿದವಳು ನಾನು. ಅದು ನನ್ನ ತಪ್ಪು. ಇದನ್ನ ಮುಟ್ಟಿ, ಮುಚ್ಚಿಹಾಕಿ.”

ಅವರು ಕಟ್ಟನ್ನು ಮುಟ್ಟಲಿಲ್ಲ.

“ಯಾವ ತಪ್ಪು ಲೈಸಾನಿ?” ಎಂದರು. “ನಾನು ಕುರ್ಚಿ ಮೇಲೆ ಕೂತಿದ್ದೆ. ನಂಗೆ ಬೇಕಾದ ಬಟ್ಟೆ ನನ್ನ ತಲೆಯ ಹಿಂದೇನೇ ಇತ್ತು. ಆ ಹುಡುಗಿ ಕೈ ಚಾಚಲಿಲ್ಲ. ನೆಲದ ಮೇಲೆ ಕೂತಳು, ಕೈ ತಟ್ಟಿದಳು, ಅಪ್ಪಣೆ ಕೇಳಿದಳು. ನಿಮ್ಮಣ್ಣನ ಮಗಳು ಅಂತ ಗೊತ್ತಾಯ್ತು. ಊರು, ಮನೆ, ಗದ್ದೆ, ನಿನ್ನ ಸೊಂಟನೋವು ಎಲ್ಲ ಮಾತಾಡಿದ್ವಿ. ಹತ್ತು ನಿಮಿಷ ಹಾಗೇ ಕೂತಿದ್ದಳು. ಪಟ್ಟಣದಲ್ಲಿ ನಂಗೆ ಅಷ್ಟು ಮರ್ಯಾದೆ ಆಸ್ಪತ್ರೆಯಲ್ಲೂ ಸಿಗಲಿಲ್ಲ.”

ನಿನ್ನ ಕಾಗದದಲ್ಲಿದ್ದ ಬೋರ್ಡಿನ ಮಾತು ನನಗೆ ಆಗ ನೆನಪಾಯಿತು. ಹೇಳಿದೆ. ಎಚ್ಚರಿಕೆಯ ಕಾಗದ ಬಂದದ್ದನ್ನೂ ಹೇಳಿದೆ. ರಾತು, “ಹಾಗಾದ್ರೆ ಅವಳಿಗೆ ಕಾಗದ ಸಿಕ್ಕಿದ್ದು ನನ್ನ ದೆಸೆಯಿಂದ” ಎಂದರು. “ಈ ಕಟ್ಟು ನಾನು ಮುಟ್ಟಿದ್ರೆ ಅವಳು ತಪ್ಪು ಮಾಡಿದಳು ಅಂತ ಒಪ್ಪಿದ ಹಾಗೆ. ವಾಪಸ್ ಕಳಿಸಿದ್ರೆ ನಿನಗೆ ಅವಮಾನ. ಇಲ್ಲೇ ಇರಲಿ. ಎರಡು ವಾರ ಬಿಟ್ಟು ಕಣ್ಣು ತೋರ್ಸೋಕೆ ಹೋಗೋದಿದೆ. ಇದನ್ನ ಹಿಡ್ಕೊಂಡು ನಾನೇ ಆ ಸಾಹೇಬನ ಹತ್ರ ಹೋಗ್ತೀನಿ.”

ಬೇಡ ಎಂದೆ, ಕೇಳಲಿಲ್ಲ. ಹಿಂದಿರುಗುವಾಗ ಸೆಮಿಸಿ ದಾರಿಯುದ್ದಕ್ಕೂ ನನ್ನನ್ನು ಆಡಿಕೊಂಡ: “ಅಕ್ಕಾ, ಮುಂದಿನ ಸಲ ಸೋರೊ ಹೊರುವ ಮುಂಚೆ ಒಂದು ಸಲ ಕೇಳು, ಏನಾಯ್ತು ಅಂತ.” ಅವನು ಹೇಳಿದ್ದು ಸರಿ. ಆದರೆ ಮಗಳೇ, ಎರಡು ಸಾಲು ಹೆಚ್ಚು ಬರೆದಿದ್ದರೆ ನಿನ್ನ ಕೈಯೇನು ಸವೆಯುತ್ತಿತ್ತು?

ಪ್ರೇಮಿಲಾಗೆ ಯಾವ ಬಣ್ಣ ಇಷ್ಟ? ನೀನು ಬರೆಯಲಿಲ್ಲ.

ಲೈಸಾನಿ


ಸುವಾ
24 ಏಪ್ರಿಲ್ 1994, ಭಾನುವಾರ

ಪ್ರೀತಿಯ ಅತ್ತೆ,

ಯಾರಿಗೆ ಮೊದಲು ಕೃತಜ್ಞತೆ ಹೇಳಲಿ, ನಿಮಗೋ, ರಾತು ಅವರಿಗೋ, ಮನೆ ಹಿಂದಿನ ಆ ಗಿಡಕ್ಕೋ? ನಾನು ಕಾಯಂ ಆದೆ. ಕಾಗದ ನನ್ನ ಬೈಬಲ್ಲಿನೊಳಗಿದೆ.

ನಡೆದದ್ದನ್ನು ಈ ಸಲ ಪೂರ್ತಿ ಬರೆಯುತ್ತೇನೆ. ಮಂಗಳವಾರ ಹತ್ತೂವರೆಗೆ ರಾತು ಒಳಗೆ ಬಂದರು. ಜೊತೆಗೆ ಅವರ ಪರವಾಗಿ ಮಾತಾಡುವ ಹಿರಿಯರೊಬ್ಬರು. ಗಿರಾಕಿಗಳ ಕುರ್ಚಿಯನ್ನು ದಾಟಿ, ನಡುದಾರಿಯಲ್ಲಿ ನೆಲದ ಮೇಲೆ ಕೂತರು. ಬೇರಿನ ಕಟ್ಟನ್ನು ಮುಂದಿಟ್ಟರು. ಅಷ್ಟೇ, ಅತ್ತೆ. ಅಂಗಡಿಯಲ್ಲಿದ್ದ ನಮ್ಮವರೆಲ್ಲ ಒಬ್ಬೊಬ್ಬರಾಗಿ ಕೂತುಬಿಟ್ಟರು. ಕೈಯಲ್ಲಿ ಬಾಣಲೆ ಹಿಡಿದಿದ್ದ ಹೆಂಗಸು ಬಾಣಲೆ ಸಮೇತ ಕೂತಳು. ಬಾಗಿಲಲ್ಲಿದ್ದ ಕಾವಲುಗಾರ ಜೋಸಫಾ ಟೋಪಿ ತೆಗೆದು ಕೂತ. ನಾವು ಕೆಲಸದ ಹುಡುಗಿಯರು ಬೋರ್ಡನ್ನು ನೋಡಿದೆವು, ರಾತು ಅವರನ್ನು ನೋಡಿದೆವು, ಕೂತೆವು. ಹೊರದೇಶದ ಪ್ರವಾಸಿಗಳಿಬ್ಬರು ಸ್ವಲ್ಪ ಹೊತ್ತು ನಿಂತು, ಏನೋ ಅಪಾಯವಿರಬೇಕು ಎಂದುಕೊಂಡು ಅವರೂ ಕೂತರು.

ಡನ್‌ಸ್ಟನ್ ಸಾಹೇಬರು ಮೆಟ್ಟಿಲಿಳಿದು ಓಡಿ ಬಂದರು. “ಏನಿದು? ಯಾರಿಗಾದ್ರೂ ತಲೆ ಸುತ್ತು ಬಂತಾ?”

ಜೋಸಫಾ ಕೂತಲ್ಲಿಂದಲೇ ಪಿಸುಗುಟ್ಟಿದ: “ಸರ್, ಕಾಣಿಕೆ ನಿಂತ್ಕೊಂಡು ಇಸ್ಕೊಳ್ಳೋ ಹಾಗಿಲ್ಲ. ಕೂತ್ಕೊಳ್ಳಿ.”

“ಎಲ್ಲಿ?”

“ಇಲ್ಲೇ, ಸರ್. ಎಲ್ರೂ ಕೂತಿದ್ದಾರಲ್ಲ.”

ಸಾಹೇಬರು ಪ್ಯಾಂಟಿನ ಮಡಿಕೆ ಎತ್ತಿಕೊಂಡು ಕೂತರು. ಕಾಲು ಮಡಚಲು ಬರದೆ ಒಂದು ಕಡೆಗೆ ಚಾಚಿದರು. ರಾತು ಕಡೆಯ ಹಿರಿಯರು ಹೇಳಿದರು: ನಮ್ಮ ರಾತು ನಿಮ್ಮ ಅಂಗಡಿಗೆ ಬಂದದ್ದರಿಂದ ನಿಮ್ಮ ಕೆಲಸದ ಹುಡುಗಿ ಕೂತಳು, ನಿಮ್ಮ ನಿಯಮ ಮುರಿಯಿತು, ತಪ್ಪು ಅವಳದಲ್ಲ, ಕುರ್ಚಿ ಮೇಲೆ ಕೂತ ನಮ್ಮದು, ಕ್ಷಮಿಸಿ. ಜೋಸಫಾ ಅದನ್ನು ಇಂಗ್ಲಿಷಿನಲ್ಲಿ ಹೇಳಿ, “ಈಗ ಮುಟ್ಟಿ ಸರ್” ಎಂದ. ಸಾಹೇಬರು ಮುಟ್ಟಿದರು. ಎಲ್ಲರೂ ಕೈ ತಟ್ಟಿದೆವು. ಅವರ ಮುಖ ಕೆಂಪಾಗಿತ್ತು, ಆದರೆ ಖುಷಿಯಾದದ್ದೂ ಕಾಣುತ್ತಿತ್ತು.

ಶುಕ್ರವಾರ ನನ್ನನ್ನು ಮೇಲೆ ಕರೆದು ಎಚ್ಚರಿಕೆಯ ಕಾಗದ ಹರಿದು ಹಾಕಿದರು. “ಅಂಥವರು ನಿನಗೋಸ್ಕರ ಬರ್ತಾರೆ ಅಂದ್ರೆ ನೀನು ಅಂಗಡಿಗೆ ಒಳ್ಳೇದೇ” ಎಂದರು. ಅವರಿಗೂ ನಾನು ಕೃತಜ್ಞಳು. ರಾತು ಮಗಳ ಮದುವೆಗೆ ಹದಿನೆಂಟು ಗಜ ನೀಲಿ ಬಟ್ಟೆ ಅಳೆದುಕೊಟ್ಟೆ. ಈ ಸಲ ಕುರ್ಚಿಯನ್ನು ಕಪಾಟಿನಿಂದ ಆಚೆ ಎಳೆದಿಟ್ಟಿದ್ದೆ.

ಪ್ರೇಮಿಲಾ ಕೆಲಸ ಬಿಟ್ಟಿದ್ದಾಳೆ. ಚೆನ್ನಾಗಿದ್ದಾಳೆ ಅಂದುಕೊಂಡಿದ್ದೇನೆ.

ನಿಮ್ಮ
ಟಿಟಿಲಿಯಾ


ವುನೀವಿ
4 ಮೇ 1994

ಮಗಳೇ,

ನಿನ್ನ ಕಾಗದವನ್ನು ಚರ್ಚಿನ ಹೆಂಗಸರಿಗೆಲ್ಲ ಓದಿದೆ. ಬಾಣಲೆಯ ಹೆಂಗಸಿನ ಮಾತು ಬಂದಾಗ ಮೇರೆವಾಲೇಸಿ ನಕ್ಕು ನಕ್ಕು ಕೆಮ್ಮಿದಳು. ಕಾಯಂ ಆದ ಸುದ್ದಿಗೆ ಪಾದ್ರಿಗಳು ಭಾನುವಾರ ಪ್ರಾರ್ಥನೆ ಸಲ್ಲಿಸಿದರು. ನಾನು ಈಗ ಸ್ವಲ್ಪ ನಿಧಾನ ನಡೆಯುತ್ತೇನೆ. ವಯಸ್ಸಾಯಿತಲ್ಲ, ಇರಲಿ.

ಚಾಪೆ ಮುಗಿದಿದೆ. ಬಣ್ಣ ನೀನು ಹೇಳಲಿಲ್ಲ, ಹಳದಿ ಮತ್ತು ಹಸಿರು ಹಾಕಿದ್ದೇನೆ. ಸೆಮಿಸಿಯ ಕೈಯಲ್ಲಿ ಕಳಿಸುತ್ತಿದ್ದೇನೆ.

ಪ್ರೇಮಿಲಾ ಯಾಕೆ ಬಿಟ್ಟಳು? ಮೂರು ವರ್ಷ ಅಷ್ಟು ನಿಂತವಳು, ಮನೆಗೆ ಮಗು ಬರುವ ಹೊತ್ತಿಗೆ, ತಾನಾಗಿ ಕೆಲಸ ಬಿಡುವುದಿಲ್ಲ. ಮೂರು ಕಾಗದದಲ್ಲಿ ಅವಳ ಬಗ್ಗೆ ಕೇಳಿದ್ದೇನೆ. ನೀನು ಬರೆದದ್ದು ಒಟ್ಟು ಎರಡು ಸಾಲು. ಹಿಂದೆ ಅವಳ ವಿಷಯವೇ ಒಂದು ಪುಟ ಇರುತ್ತಿತ್ತು. ನಾನು ಒಂದು ಸಲ ಅರ್ಧ ಸುದ್ದಿ ಓದಿ ಗುಡ್ಡ ಹತ್ತಿದ್ದೇನೆ, ಮತ್ತೆ ಹತ್ತಿಸಬೇಡ.

ಚಾಪೆಯನ್ನು ನೀನೇ ಅವಳ ಮನೆಗೆ ಒಯ್ದು ಕೊಡು. ಅವಳು ಏನೆಂದಳು ಎಂದು ಬರೆ.

ಲೈಸಾನಿ


ಸುವಾ
15 ಮೇ 1994, ಭಾನುವಾರ

ಅತ್ತೆ,

ಚಾಪೆ ಬಂದು ಒಂದು ವಾರವಾಯಿತು. ನನ್ನ ಮಂಚದ ಕೆಳಗಿದೆ. ಪ್ರೇಮಿಲಾಳ ಊರಾದ ನೌಸೊರಿಯ ಬಸ್ಸು ಹತ್ತಲು ಎರಡು ಸಲ ನಿಲ್ದಾಣಕ್ಕೆ ಹೋಗಿ ಹಿಂದಿರುಗಿದೆ.

ರಾತು ಮೊದಲು ಬಂದ ಬುಧವಾರ, ನಾನು ಅವರೆದುರು ಕೂತಿದ್ದ ಹತ್ತು ನಿಮಿಷದಲ್ಲಿ ನನ್ನ ಕೌಂಟರಿನ ಮುಂದೆ ಆರೇಳು ಗಿರಾಕಿಗಳು ನಿಂತರು. ನಾನು ಏಳುವ ಹಾಗಿರಲಿಲ್ಲ, ರಾತು ಮಾತಿನ ನಡುವೆ ಇದ್ದರು. ಪಕ್ಕದಲ್ಲಿದ್ದ ಪ್ರೇಮಿಲಾ ನನ್ನತ್ತ ನೋಡಿದಳು. ‘ನಾನು ಬರಲಾ?’ ಎಂದು ಅವಳ ಕಣ್ಣು ಕೇಳಿತು. ನಾನು ಹುಬ್ಬು ಎತ್ತಿದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಹೂಂ ಇಲ್ಲ ಎಂದು ಮೂರು ವರ್ಷ ನಮ್ಮವರ ಜೊತೆ ನಿಂತ ಅವಳಿಗೆ ಗೊತ್ತು. ಬಂದು ನನ್ನ ಗಿರಾಕಿಗಳಿಗೆಲ್ಲ ಬಟ್ಟೆ ಅಳೆದುಕೊಟ್ಟಳು. ಅಷ್ಟು ಹೊತ್ತು ಅವಳ ಕೌಂಟರ್ ಖಾಲಿ ಇತ್ತು.

ಮರುದಿನ ಸಾಹೇಬರು ಇಬ್ಬರನ್ನೂ ಮೇಲೆ ಕರೆದರು. ನನಗೆ ಕೂತಿದ್ದಕ್ಕೆ ಎಚ್ಚರಿಕೆ. ಅವಳಿಗೆ, ಕೌಂಟರ್ ಬಿಟ್ಟು ಹೋದದ್ದಕ್ಕೆ ವಿಚಾರಣೆ. ನನ್ನನ್ನು ಕೇಳಿದರು: “ನೀನು ಅವಳನ್ನ ಕರೆದೆಯಾ?”

ನಾನು ತಲೆ ತಗ್ಗಿಸಿ ಸುಮ್ಮನೆ ನಿಂತೆ. ದೊಡ್ಡವರು ಗದರಿದಾಗ ಎದುರಾಡಬಾರದು ಎಂದು ನೀವು ಕಲಿಸಿದ್ದು ನಿಜ. ಇಷ್ಟು ದಿನ ಅದೇ ಕಾರಣ ಎಂದು ನನಗೆ ನಾನೇ ಹೇಳಿಕೊಂಡೆ. ಅದಲ್ಲ, ಅತ್ತೆ. ಕರೆದೆ ಎಂದರೆ ಇನ್ನೊಂದು ತಪ್ಪು ನನ್ನ ಹೆಸರಿಗೆ ಬರುತ್ತದೆ, ಕಾಯಂ ಆಗುವುದು ಪೂರ್ತಿ ತಪ್ಪಿಹೋಗುತ್ತದೆ ಎಂದು ಹೆದರಿದೆ. ಸಾಹೇಬರಿಗೆ ನನ್ನ ಮೌನ ‘ಇಲ್ಲ’ ಎಂದು ಕೇಳಿಸಿತು. ಅದು ನನಗೆ ಗೊತ್ತಾಯಿತು, ಆದರೂ ತಿದ್ದಲಿಲ್ಲ.

ಪ್ರೇಮಿಲಾ ನನ್ನ ಕಡೆ ಒಂದು ಸಲ ನೋಡಿ, “ನಾನೇ ಹೋದೆ ಸರ್. ಕ್ಯೂ ಉದ್ದ ಇತ್ತು” ಎಂದಳು. ಮಾರ್ಚ್ 31ಕ್ಕೆ ಅವಳ ಮೂರು ತಿಂಗಳು ಮುಗಿಯಿತು. ಹೊಸ ಕಾಗದ ಕೊಡಲಿಲ್ಲ. ‘ಕರೆಯದೆ ತನ್ನ ಜಾಗ ಬಿಟ್ಟವಳು’ ಎಂದು ಬರೆದು ಕಳಿಸಿದರು. ಬಸುರಿಯನ್ನು ತೆಗೆಯಲು ನೆಪ ಹುಡುಕುತ್ತಿದ್ದರು ಎಂದು ಎಲ್ಲರೂ ಹೇಳುತ್ತಾರೆ. ನೆಪ ಒದಗಿಸಿದವಳು ನಾನು.

ನನಗಾಗಿ ರಾತು ಬಂದರು. ಅಂಗಡಿಯೆಲ್ಲ ಕೈ ತಟ್ಟಿದ ಆ ದಿನ ಗುಂಡಿ-ಲೇಸಿನ ಕೌಂಟರಿನಲ್ಲಿ ಹೊಸ ಹುಡುಗಿಯೊಬ್ಬಳು ಕೂತಿದ್ದಳು. ಅದನ್ನು ನಾನು ನಿಮಗೆ ಬರೆಯಲಿಲ್ಲ.

ಪ್ರೇಮಿಲಾ ಕಾರ್ಮಿಕ ಕಚೇರಿಗೆ ದೂರು ಕೊಟ್ಟಿದ್ದಾಳಂತೆ. ಸಾಕ್ಷಿ ಬೇಕಂತೆ. ಯಾರೂ ಹೋಗುತ್ತಿಲ್ಲ.

ಟಿಟಿಲಿಯಾ


ವುನೀವಿ
25 ಮೇ 1994

ಮಗಳೇ,

ನಿನ್ನ ಕಾಗದವನ್ನು ಈ ಸಲ ಯಾರಿಗೂ ಓದಲಿಲ್ಲ.

ನಿನ್ನನ್ನು ಬೈಯುವ ಮೊದಲು ನನ್ನದನ್ನು ಹೇಳುತ್ತೇನೆ. ರಾತು ಅವರ ಊರಿನಿಂದ ಗುಡ್ಡ ಇಳಿಯುವಾಗ ನನ್ನ ಕಾಲು ಉಳುಕಿತು. ಆರು ವಾರ ಕೋಲು ಹಿಡಿದೆ. ನೀನು ನೊಂದುಕೊಳ್ಳುತ್ತೀಯ ಎಂದು ವಯಸ್ಸಿನ ಮೇಲೆ ಹಾಕಿ ಬರೆದೆ. ಈಗ ವಾಸಿಯಾಗಿದೆ. ಒಬ್ಬರಿಗೊಬ್ಬರು ನೋವಾಗಬಾರದೆಂದು ನಾವಿಬ್ಬರೂ ಮುಚ್ಚಿಟ್ಟೆವು. ಪೆಟ್ಟು ಬಿದ್ದದ್ದು ಮೂರನೆಯವಳಿಗೆ.

ಇಲ್ಲದ ತಪ್ಪಿಗೆ ನಾನು ಬೇರು ಹೊತ್ತು ಗುಡ್ಡ ಹತ್ತಿದೆ. ಇದ್ದ ತಪ್ಪು ನನಗೆ ಕಾಣಲಿಲ್ಲ. ಹಿರಿಯರೆದುರು ತಲೆ ತಗ್ಗಿಸಬೇಕು ಎಂದು ಕಲಿಸಿದವಳು ನಾನೇ. ಕೇಳಿದಾಗ ಎತ್ತಬೇಕು ಎಂದು ಕಲಿಸಲು ಮರೆತೆ. ಅಷ್ಟು ನನ್ನದು. ಉಳಿದದ್ದು ನಿನ್ನದು.

ಈ ಸೋರೊಗೆ ನಾನು ಬೇರು ಕಳಿಸುವುದಿಲ್ಲ, ರಾತು ಅವರನ್ನೂ ಕೇಳುವುದಿಲ್ಲ. ಸುವಾದ ಮಾರುಕಟ್ಟೆಯಲ್ಲಿ ನಿನ್ನ ದುಡಿಮೆಯಿಂದ ಕೊಂಡುಕೋ. ಹೋಗಿ ಅವಳೆದುರು ಕೂರು. ಬರೀ ಬೇರು ಇಟ್ಟು ಬಂದರೆ ಅದು ನಾಟಕ. ಅವಳಿಗೆ ಬೇಕಾದದ್ದು ಆ ಕಚೇರಿಯಲ್ಲಿ ನಿನ್ನ ಬಾಯಿಂದ ಬರುವ ಮಾತು.

ನಿನ್ನ ಕೆಲಸ ಹೋಗಬಹುದು. ಹೋದರೆ ಹಡಗು ಹತ್ತಿ ಬಾ. ಇಲ್ಲಿ ಕೆಸು ನೆಡಲು ಜಾಗವಿದೆ, ನನ್ನ ಚಾಪೆಯಲ್ಲಿ ಅರ್ಧ ಖಾಲಿಯಿದೆ. ಹೆದರಿಕೆಯಿಂದ ಮಾಡಿದ್ದನ್ನು ನೀನೇ ಹೆದರಿಕೆ ಎಂದು ಕರೆದೆಯಲ್ಲ, ಅದಕ್ಕೆ ನಾನು ದೇವರಿಗೆ ಕೃತಜ್ಞಳು.

ನಿನ್ನ ಅತ್ತೆ
ಲೈಸಾನಿ


ಸುವಾ
19 ಜೂನ್ 1994, ಭಾನುವಾರ

ಪ್ರೀತಿಯ ಅತ್ತೆ,

ನಿಮ್ಮ ಕಾಗದ ಬಂದ ಶನಿವಾರವೇ ನೌಸೊರಿಗೆ ಹೋದೆ. ಪ್ರೇಮಿಲಾಳ ಮನೆ ಬಾಗಿಲಲ್ಲಿ ಕೂತೆ, ಬೇರಿನ ಕಟ್ಟು ಮುಂದಿಟ್ಟೆ, ಪಕ್ಕದಲ್ಲಿ ಚಾಪೆ. ಅವಳ ಅತ್ತೆ ಹೊರಗೆ ಬಂದು ನೋಡಿ ಒಳಗೆ ಕೂಗಿದರು: “ಪ್ರೇಮಿಲಾ, ನಿನ್ನ ಅಂಗಡಿ ಹುಡುಗಿ ಬಂದು ಹೊಸಿಲಲ್ಲಿ ಕೂತಿದ್ದಾಳೆ! ಕುರ್ಚಿ ಕೊಡು ಅಂದ್ರೆ ಬೇಡ ಅಂತಾಳೆ, ಏನೋ ಬೇರು ಬೇರೆ ತಂದಿದ್ದಾಳೆ. ಮಾರೋಕೆ ಬಂದಿದ್ದಾಳಾ?”

ಪ್ರೇಮಿಲಾ ಹೊಟ್ಟೆ ಹಿಡಿದುಕೊಂಡು ಬಂದಳು. ನನ್ನನ್ನು ನೋಡಿದಳು, ಕಟ್ಟನ್ನು ನೋಡಿದಳು. ನಾನು ಕಲಿತು ಬಂದ ಮಾತೆಲ್ಲ ಮರೆತುಹೋಯಿತು. “ನಾನು ನಿನ್ನ ಕರೆದೆ, ಕರೆಯಲಿಲ್ಲ ಅಂತ ನಿಂತೆ” ಎಂದಷ್ಟೇ ಹೇಳಿದೆ.

“ಎರಡು ತಿಂಗಳು ಬೇಕಾಯ್ತಾ ಇದನ್ನ ಹೇಳೋಕೆ?” ಎಂದಳು. “ದಿನಾ ಕಾದೆ ಕಣೇ. ಕೆಲಸ ಹೋದದ್ದಕ್ಕಿಂತ ಅದೇ ಸಂಕಟ. ಬಸ್ಸಿನ ಸದ್ದು ಕೇಳಿದ್ರೆ ನೀನೇ ಅಂತ ಎದ್ದು ನೋಡ್ತಿದ್ದೆ.”

“ಆವತ್ತು ಯಾಕೆ ನನ್ನ ಉಳಿಸಿದೆ?” ಎಂದು ಕೇಳಿದೆ.

“ನಿನಗೆ ಕಾಯಂ ಆಗೋದಿತ್ತು. ನನಗೆ ಹೇಗೂ ಆಗ್ತಿರಲಿಲ್ಲ. ಇಬ್ಬರಲ್ಲಿ ಒಬ್ಬಳಾದ್ರೂ ಆ ಮೆಟ್ಟಿಲಿಂದ ನೆಟ್ಟಗೆ ಇಳೀಲಿ ಅಂದ್ಕೊಂಡೆ. ನೀನು ಮೂಗಿ ಥರ ನಿಂತಿದ್ದೆಯಲ್ಲ, ಕಂದಾವು ರಾಣಿ!” ಎಂದು ನನ್ನ ತಲೆಯ ಮೇಲೆ ಒಂದು ಮೊಟಕಿದಳು. ಆಮೇಲೆ ಕಷ್ಟಪಟ್ಟು ಬಗ್ಗಿ, ನೆಲಕ್ಕೆ ಕೂತು, ಬೇರನ್ನು ಮುಟ್ಟಿದಳು. “ಮುಟ್ಟಿದೆ. ಸೋಮವಾರ ಕಚೇರಿಗೆ ಬಾ. ಬರ್ಲಿಲ್ಲ ಅಂದ್ರೆ ಈ ಬೇರಿನಿಂದಲೇ ಹೊಡೀತೀನಿ.”

ಚಾಪೆಯನ್ನು ಅವಳ ಅತ್ತೆ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಹಣೆಗೆ ಒತ್ತಿಕೊಂಡು, “ಇಷ್ಟು ಸಣ್ಣ ಹೆಣಿಗೆ ನಾನು ನೋಡಿಲ್ಲ. ನಿಮ್ಮ ಅತ್ತೆಗೆ ನೂರು ವರ್ಷ ಆಯಸ್ಸು” ಎಂದರು. ಬರುವಾಗ ನಿಮಗೆಂದು ಒಂದು ಬಾಟಲಿ ಹುಣಸೆ ಉಪ್ಪಿನಕಾಯಿ ಕೊಟ್ಟಿದ್ದಾರೆ.

ಸೋಮವಾರ ಹೇಳಿಕೆ ಬರೆದುಕೊಟ್ಟೆ. ವಿಚಾರಣೆ ನಡೆದದ್ದು ಜೂನ್ 13ರಂದು. ಡನ್‌ಸ್ಟನ್ ಸಾಹೇಬರು, ಅವರ ವಕೀಲರು, ಪ್ರೇಮಿಲಾ, ನಾನು. ಅಧಿಕಾರಿ ರೇವಾ ಕಡೆಯವರು, ಕಂದಾವುದವರನ್ನು ಕಂಡರೆ ಆಡಿಕೊಳ್ಳುವ ಜನ. ಅವರು ಕೇಳಿದರು: “ಇವರನ್ನ ನೀನು ಕರೆದೆಯಾ?” ನನಗೆ ಗೊತ್ತಿಲ್ಲದೆ ಹುಬ್ಬು ಎತ್ತಿದೆ.

“ನೋಡಿ, ಅವಳು ಉತ್ತರ ಕೊಡ್ತಿಲ್ಲ” ಎಂದರು ವಕೀಲರು.

“ಕೊಟ್ಟಳಲ್ಲ, ನಂಗೆ ಕಾಣಿಸ್ತು” ಎಂದರು ಅಧಿಕಾರಿ. ನನ್ನತ್ತ ತಿರುಗಿ, “ಕಂದಾವುದವರಿಗೆ ಹುಬ್ಬು ಜೋರು, ಬಾಯಿ ಕಮ್ಮಿ. ತಂಗೀ, ಈ ಹಾಳೆಗೆ ಕಣ್ಣಿಲ್ಲ. ಬಾಯಿಬಿಟ್ಟು ಹೇಳು, ಬರ್ಕೋಬೇಕು.”

ಸಾಹೇಬರು ನನ್ನನ್ನೇ ನೋಡುತ್ತಿದ್ದರು. “ಕರೆದೆ” ಎಂದೆ. “ನಾನೇ ಕರೆದೆ. ಅವರು ಕೇಳಿದಾಗ ಹೇಳಲಿಲ್ಲ. ಪ್ರೇಮಿಲಾ ತಾನಾಗಿ ಬರಲಿಲ್ಲ.” ಮೂರು ವರ್ಷದಲ್ಲಿ ಅವಳನ್ನು ಎರಡೆರಡು ವಾರ ಮನೆಗೆ ಕಳಿಸಿ ಮತ್ತೆ ಸೇರಿಸಿಕೊಂಡದ್ದನ್ನೂ ತಾರೀಖಿನ ಸಮೇತ ಹೇಳಿದೆ. ಅದು ನನ್ನನ್ನು ಯಾರೂ ಕೇಳಿರಲಿಲ್ಲ.

ಶುಕ್ರವಾರ ತೀರ್ಮಾನ ಬಂತು. ಪ್ರೇಮಿಲಾಳನ್ನು ತೆಗೆದ ಕಾರಣ ನಿಲ್ಲುವುದಿಲ್ಲ. ಮೂರು ವರ್ಷದ ಕೆಲಸವನ್ನು ಬಿಡುವಿಲ್ಲದ ಕೆಲಸ ಎಂದೇ ಹಿಡಿಯಬೇಕು. ಕಾಯಂ ಕೆಲಸಗಾರಳಾಗಿ ಹಿಂದಕ್ಕೆ ತೆಗೆದುಕೊಳ್ಳಬೇಕು, ಹೆರಿಗೆಯ ರಜೆ ಕೊಡಬೇಕು. ನಾನು ಕಾಯಂ ಆಗಿರುವುದರಿಂದ ನನ್ನನ್ನು ತೆಗೆಯಲು ಆಗಲಿಲ್ಲ. ಬಟ್ಟೆ ವಿಭಾಗದಿಂದ ಗೋಡೌನಿಗೆ ಹಾಕಿದ್ದಾರೆ. ಪೆಟ್ಟಿಗೆ ಎಣಿಸುವ ಕೆಲಸ, ಧೂಳು ಬಹಳ. ಬೋರ್ಡು ಇನ್ನೂ ಗೋಡೆಯ ಮೇಲಿದೆ. ಸಾಹೇಬರು ನನ್ನ ಜೊತೆ ಮಾತಾಡುವುದಿಲ್ಲ. ಇದನ್ನೆಲ್ಲ ಮುಚ್ಚಿಡದೆ ಬರೆಯುತ್ತಿದ್ದೇನೆ.

ನಿನ್ನೆ ಗೋಡೌನಿಗೆ ಪಾತ್ರೆ ವಿಭಾಗದ ಇಬ್ಬರು ಹುಡುಗಿಯರು ಬಂದಿದ್ದರು. ಅವರಿಗೂ ಇದು ಹನ್ನೊಂದನೇ ತಿಂಗಳು. ಕಚೇರಿ ಯಾವ ಬೀದಿಯಲ್ಲಿದೆ, ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದರು. ಹೇಳಿದೆ.

ಅತ್ತೆ, ಕೆಲಸ ಹೋದರೆ ಬಾ ಎಂದು ನೀವು ಬರೆಯದಿದ್ದರೆ ನನಗೆ ಆ ಮಾತು ಹೇಳಲು ಆಗುತ್ತಿರಲಿಲ್ಲ. ನಿಮ್ಮ ಉಳುಕಿದ ಕಾಲಿಗೆ, ಪ್ರೇಮಿಲಾಳ ಒಂದು ಸುಳ್ಳಿಗೆ, ನಾನು ಬದುಕಿರುವವರೆಗೂ ಕೃತಜ್ಞಳು.

ನಾಳೆ ಸೋಮವಾರ, ಅವಳು ಮತ್ತೆ ಕೆಲಸಕ್ಕೆ ಬರುತ್ತಾಳೆ. ನೌಸೊರಿಯ ಬಸ್ಸು ಏಳೂಕಾಲಿಗೆ ಮಾರುಕಟ್ಟೆಯ ನಿಲ್ದಾಣಕ್ಕೆ ಬರುತ್ತದೆ. ನಾನು ಏಳಕ್ಕೇ ಹೋಗಿ ಕಾಯುತ್ತೇನೆ. ಮೊದಲ ದಿನ ಅವಳು ಒಬ್ಬಳೇ ಆ ಬಾಗಿಲು ದಾಟುವುದು ಬೇಡ.

ನಿಮ್ಮ
ಟಿಟಿಲಿಯಾ